ಕಾರವಾರದ ಕರಾವಳಿಯಲ್ಲಿ ಒಂದು ಸರಿಯಾದ ಮಾರ್ಟಿನಿ, ಅದರ ಬೆನ್ನಿಗೇ ಒಂದು ಒಳ್ಳೆಯ ಊಟ: ಸಮಗ್ರ ಮಾರ್ಗದರ್ಶಿ

ಕಾರವಾರದಿಂದ ಹೊನ್ನಾವರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿಗೆ ಬಾರ್ ಆಂಡ್ ರೆಸ್ಟೋರೆಂಟುಗಳಿಗೆ ಬರವಿಲ್ಲ. ಮೀನೂಟದ ಖಾನಾವಳಿಗಳ ಮಾತಂತೂ ಹೇಳಲೇಬೇಕಿಲ್ಲ. ಹಾಗಿದ್ದೂ ಚೊಕ್ಕವಾಗಿ ಕಲಕಿದ, ತುಟಿಗಿಟ್ಟರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುವ ಒಂದು ಮಾರ್ಟಿನಿಯನ್ನು, ಜಿನ್ನಿನ ಆ ಹೆಸರಾಂತ ಕಾಕ್‌ಟೇಲನ್ನು, ಕುಡಿದು, ಅದರ ಬೆನ್ನಿಗೇ ತೃಪ್ತಿಯಾಗುವಂಥ ರಾತ್ರಿಯೂಟವನ್ನು ಮುಗಿಸಿ ಬಂದೆನೆಂದು ಹೇಳುವವರು ನಮ್ಮಲ್ಲಿ ವಿರಳ. ಪಾನೀಯ ಚೆನ್ನಾಗಿ ಸಿಕ್ಕ ಕಡೆ ಊಟ ಸಪ್ಪೆಯಾಗಿರುತ್ತದೆ, ಊಟ ಚೆನ್ನಾಗಿರುವ ಕಡೆ ಜಿನ್ನಿಗೆ ಸ್ಪ್ರೈಟ್ ಸುರಿದು ತಂದಿಡುತ್ತಾರೆ. ಹಲವು ವರ್ಷ ಈ ಎರಡನ್ನೂ ಒಂದೇ ಸೂರಿನಡಿ ಹುಡುಕಿ ಸೋತ ಮೇಲೆ ನಾನು ಹಿಡಿದ ದಾರಿ ಇಷ್ಟೇ: ಮಾರ್ಟಿನಿಗೆ ಒಂದು ಮನೆ, ಊಟಕ್ಕೆ ಇನ್ನೊಂದು ಮನೆ, ನಡುವೆ ಇಪ್ಪತ್ತು ನಿಮಿಷದ ನಡಿಗೆ. ಆ ಸಂಜೆಯನ್ನು ಜೋಡಿಸಿಕೊಳ್ಳುವ ಬಗೆಯನ್ನು ಮೊದಲಿನಿಂದ ಹೇಳುತ್ತೇನೆ.

ಬಿಸ್ಟ್ರೋ ಎಂಬ ಮಾತಿನ ಬಗ್ಗೆ ಒಂದೆರಡು ವಾಕ್ಯ ಬೇಕು. ಅದು ಪ್ಯಾರಿಸ್ಸಿನ ಮಾತು. ಚಿಕ್ಕ ಜಾಗ, ಕೆಲವೇ ಮೇಜುಗಳು, ಗಲ್ಲಾಪೆಟ್ಟಿಗೆಯ ಹಿಂದೆ ಮಾಲೀಕನೇ ಕುಳಿತಿರುವುದು, ಆ ದಿನ ಪೇಟೆಯಲ್ಲಿ ಸಿಕ್ಕಿದ್ದನ್ನು ಕರಿಹಲಗೆಯ ಮೇಲೆ ಬರೆದು ಮನೆಯಡುಗೆಯಂತೆ ಬಡಿಸುವುದು, ಇವು ಅದರ ಲಕ್ಷಣ. ಈ ಲಕ್ಷಣಗಳನ್ನು ಹಿಡಿದು ನೋಡಿದರೆ ಕಾರವಾರದ ಮೀನಿನ ಖಾನಾವಳಿಯೇ ಅಪ್ಪಟ ಬಿಸ್ಟ್ರೋ. ಅದಕ್ಕಿರುವ ಕೊರತೆ ಮದ್ಯದ ಪರವಾನಗಿಯದು ಮಾತ್ರ. ಆದ್ದರಿಂದ ಫಲಕದ ಮೇಲೆ ಬರೆದ ಹೆಸರನ್ನು ನಂಬಿ ಹೋಗಬೇಡಿ. ಆ ಹೆಸರಿನಡಿ ಬಹುತೇಕ ಸಿಗುವುದು ಪಾಸ್ತಾ ಮತ್ತು ಹಳದಿ ದೀಪ.

ಮೊದಲ ಹಂತ: ಏನನ್ನು ಕೇಳುತ್ತಿದ್ದೇವೆಂಬುದು ನಮಗೇ ಗೊತ್ತಿರಬೇಕು

ಮಾರ್ಟಿನಿಯಲ್ಲಿ ಇರುವುದು ಎರಡೇ ಮದ್ಯ, ಜಿನ್ ಮತ್ತು ಡ್ರೈ ವರ್ಮುತ್, ಎಂದರೆ ಗಿಡಮೂಲಿಕೆ ನೆನೆಸಿದ, ಸಿಹಿಯಿಲ್ಲದ ವೈನ್. ಬಾರ್‌ಟೆಂಡರುಗಳ ಅಂತಾರಾಷ್ಟ್ರೀಯ ಸಂಘ ಒಪ್ಪಿಕೊಂಡಿರುವ ಅಳತೆಯಲ್ಲಿ 60 ಮಿ.ಲೀ. ಜಿನ್ನಿಗೆ 10 ಮಿ.ಲೀ. ವರ್ಮುತ್ ಬೀಳುತ್ತದೆ, ನಮ್ಮ ಬಾರುಗಳ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲಾರ್ಜ್ ಜಿನ್, ಅದಕ್ಕೆ ಎರಡು ಟೀ ಚಮಚ ವರ್ಮುತ್. ಮೂರನೆಯ ಪದಾರ್ಥವೊಂದಿದೆ, ಅದನ್ನು ಯಾರೂ ಬರೆದಿಡುವುದಿಲ್ಲ: ಕಲಕುವಾಗ ಕರಗಿ ಸೇರಿಕೊಳ್ಳುವ ಐಸಿನ ನೀರು. ಸಿದ್ಧವಾದ ಲೋಟದಲ್ಲಿ ಸುಮಾರು ಐದನೆಯ ಒಂದು ಭಾಗ ಈ ನೀರೇ ಇರುತ್ತದೆ. ಈ ನೀರು ಕಡಿಮೆಯಾದರೆ ಜಿನ್ ಗಂಟಲನ್ನು ಸುಡುತ್ತದೆ, ಹೆಚ್ಚಾದರೆ ಮಳೆನೀರಿನಲ್ಲಿ ಹುಲ್ಲು ನೆನೆಸಿದಂತಾಗುತ್ತದೆ. ಮಾರ್ಟಿನಿ ಮಾಡುವವನ ಕೌಶಲವೆಲ್ಲ ಈ ನೀರನ್ನು ಅಂಕೆಯಲ್ಲಿಡುವುದರಲ್ಲಿದೆ.

ತಂಪಿನ ವಿಚಾರವೂ ಇದರ ಜೊತೆಗೇ ಹೆಣೆದುಕೊಂಡಿದೆ. ಆಲ್ಕೋಹಾಲ್ ಬೆರೆತ ದ್ರವ ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲವಾದ್ದರಿಂದ, ಅದರೊಳಗೆ ಕರಗುವ ಐಸ್ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತ ಇಡೀ ಮಿಶ್ರಣವನ್ನು ಸೊನ್ನೆಗಿಂತಲೂ ಕೆಳಗೆ ಇಳಿಸುತ್ತದೆ. ಇದಕ್ಕೆ ದೊಡ್ಡ, ಗಟ್ಟಿಯಾದ, ಮೇಲ್ಮೈ ಒಣಗಿರುವ ಐಸ್ ತುಂಡುಗಳು ಬೇಕು. ಅರ್ಧ ನಿಮಿಷ ಬಿಡದೆ ಕಲಕಬೇಕು. ಬಕೆಟ್ಟಿನಲ್ಲಿ ಆಗಲೇ ತೇಲಾಡುತ್ತಿರುವ ಐಸನ್ನು ಹಾಕಿದರೆ, ತಂಪಾಗುವ ಮುನ್ನವೇ ನೀರು ಸೇರಿಬಿಡುತ್ತದೆ. ಕರಾವಳಿಯ ಸೆಖೆಯಲ್ಲಿ, ಅದರಲ್ಲೂ ಏಪ್ರಿಲ್ ಮೇ ತಿಂಗಳಲ್ಲಿ, ಫ್ರೀಜರಿನಿಂದ ಹೊರಬಂದ ಐಸ್ ಕೆಲವೇ ನಿಮಿಷಗಳಲ್ಲಿ ಬೆವರಲು ತೊಡಗುತ್ತದೆ. ಇಲ್ಲಿ ಕೆಡುವ ಮಾರ್ಟಿನಿಗಳಲ್ಲಿ ಹೆಚ್ಚಿನವು ಜಿನ್ನಿನಿಂದ ಕೆಡುವುದಿಲ್ಲ, ಐಸಿನಿಂದ ಕೆಡುತ್ತವೆ.

ಕಲಕುವುದೋ ಕುಲುಕುವುದೋ ಎಂಬ ಚರ್ಚೆ ಹಳೆಯದು. ಕುಲುಕಿದರೆ ಐಸ್ ಒಡೆದು ಚೂರುಗಳು ಸೇರುತ್ತವೆ, ಗಾಳಿಯ ಗುಳ್ಳೆಗಳು ಸೇರಿ ಪಾನೀಯ ಮಬ್ಬಾಗುತ್ತದೆ, ನೀರೂ ಬೇಗ ಬೆರೆಯುತ್ತದೆ. ನಿಂಬೆರಸವೋ ಹಾಲೋ ಸೇರುವ ಪಾನೀಯಗಳಿಗೆ ಅದು ಸರಿ. ಮಾರ್ಟಿನಿ ಕನ್ನಡಿಯಂತೆ ತಿಳಿಯಾಗಿ, ನಾಲಿಗೆಯ ಮೇಲೆ ರೇಷ್ಮೆಯಂತೆ ಜಾರಬೇಕಾದ್ದರಿಂದ ಕಲಕುವುದೇ ಸರಿಯಾದ ಕ್ರಮ.

ಹೆಸರುಗಳ ಗೊಂದಲವನ್ನೂ ಮುಂಚಿತವಾಗಿ ಬಗೆಹರಿಸಿಕೊಳ್ಳಿ. ಮಾರ್ಟಿನಿ ಎಂಬುದು ಇಟಲಿಯ ಒಂದು ವರ್ಮುತ್ತಿನ ವ್ಯಾಪಾರನಾಮವೂ ಹೌದು. ದೂರವಾಣಿಯಲ್ಲಿ "ಮಾರ್ಟಿನಿ ಇದೆಯೇ" ಎಂದು ಕೇಳಿ "ಇದೆ, ಬನ್ನಿ" ಎಂಬ ಉತ್ತರ ಪಡೆದು ಹೋದ ನನಗೆ ಒಮ್ಮೆ ಕಪಾಟಿನಲ್ಲಿದ್ದ ಆ ಬಾಟಲಿಯನ್ನೇ ಹೆಮ್ಮೆಯಿಂದ ತೋರಿಸಿದರು. ಅದೂ ಕೆಂಪು, ಸಿಹಿ ಬಗೆಯದು. ಇನ್ನೊಂದು ಕಡೆ ತ್ರಿಕೋನದ ಲೋಟದಲ್ಲಿ ಹಸಿರು ಸೇಬಿನ ಸಿರಪ್ಪಿನ ಪಾನಕ ಬಂತು. ಲೋಟದ ಆಕಾರ ನೋಡಿ ಹೆಸರಿಡುವ ಈ ಪದ್ಧತಿಯಿಂದ ಲಿಚಿ ಮಾರ್ಟಿನಿ, ಚಾಕೊಲೇಟ್ ಮಾರ್ಟಿನಿ ಮುಂತಾದವು ಹುಟ್ಟಿಕೊಂಡಿವೆ. ಕಾಫಿ ಹಾಕುವ ಎಸ್ಪ್ರೆಸೊ ಮಾರ್ಟಿನಿ 1980ರ ದಶಕದಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೇರೆಯದೇ ಪಾನೀಯ. ಇನ್ನು "ಡ್ರೈ" ಎಂದರೆ ವರ್ಮುತ್ ಕಡಿಮೆ ಎಂದು ಅರ್ಥ, "ವೆಟ್" ಎಂದರೆ ಹೆಚ್ಚು, "ಡರ್ಟಿ" ಎಂದರೆ ಆಲಿವ್ ನೆನೆಸಿದ ಉಪ್ಪುನೀರನ್ನು ಸೇರಿಸಿದ್ದು, ಆಲಿವ್ ಬದಲು ಪುಟ್ಟ ಈರುಳ್ಳಿ ಹಾಕಿದರೆ ಅದು ಗಿಬ್ಸನ್. ನಮ್ಮ ಬಾರುಗಳಲ್ಲಿ ಬರಿದೆ "ಡ್ರೈ" ಎಂದರೆ ನೀರು ಬೆರೆಸದ ಮದ್ಯವೆಂದೋ, ಆ ದಿನ ಬಾರ್ ಮುಚ್ಚಿರುತ್ತದೆಂದೋ ತಿಳಿದುಕೊಳ್ಳುವುದೇ ಹೆಚ್ಚು. ಆದ್ದರಿಂದ ಅಳತೆಯನ್ನೇ ಹೇಳುವುದು ಕ್ಷೇಮ.

ಎರಡನೆಯ ಹಂತ: ಜಾಗದ ಆಯ್ಕೆ

ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ 2003ರಲ್ಲಿ ಸ್ಥಾಪನೆಯಾದ ರಾಜ್ಯ ಪಾನೀಯ ನಿಗಮದ ಮೂಲಕವೇ ನಡೆಯುತ್ತದೆ. ಬಾರ್ ಮಾಲೀಕ ತನಗೆ ಬೇಕಾದ ಬಾಟಲಿಯನ್ನು ತನಗೆ ಬೇಕಾದ ಕಡೆಯಿಂದ ತರಿಸುವಂತಿಲ್ಲ. ಡಿಪೋದಲ್ಲಿ ಇರುವುದನ್ನು, ಅದೂ ಪೆಟ್ಟಿಗೆಯ ಲೆಕ್ಕದಲ್ಲಿ, ಎತ್ತಬೇಕು. ತಿಂಗಳಿಗೊಬ್ಬ ಗಿರಾಕಿ ಕೇಳುವ ವರ್ಮುತ್ತಿಗೆ ಹಣ ಹೂಡಲು ಸಣ್ಣ ಊರಿನ ಬಾರಿನವರು ಮನಸ್ಸು ಮಾಡದಿರುವುದರಲ್ಲಿ ಆಶ್ಚರ್ಯವಿಲ್ಲ. ಇದನ್ನು ಅರ್ಥಮಾಡಿಕೊಂಡರೆ ಎಲ್ಲಿ ಹುಡುಕಬೇಕೆಂಬುದು ತಾನಾಗಿ ತಿಳಿಯುತ್ತದೆ.

ಪರವಾನಗಿಯ ಬಗೆ ಒಂದು ಒಳ್ಳೆಯ ಸುಳಿವು. ಸಿಎಲ್ 2 ಎಂದರೆ ಬಾಟಲಿ ಮಾರುವ ಅಂಗಡಿ, ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್ 9 ನಮಗೆಲ್ಲ ಪರಿಚಯವಿರುವ ಬಾರ್ ಆಂಡ್ ರೆಸ್ಟೋರೆಂಟ್. ವಿಸ್ಕಿ, ರಮ್, ಬಿಯರ್‌ಗಳೇ ಅಲ್ಲಿನ ಜೀವಾಳ, ಜಿನ್ ಒಂದೆರಡು ಬಗೆಯದಿದ್ದರೆ ಹೆಚ್ಚು. ಸಿಎಲ್ 7 ತಂಗುವ ಕೋಣೆಗಳಿರುವ ಹೋಟೆಲುಗಳದ್ದು, ಸಿಎಲ್ 6ಎ ತಾರಾ ಹೋಟೆಲುಗಳದ್ದು. ಹೊರಗಿನ ಪ್ರವಾಸಿಗರು ಉಳಿದುಕೊಳ್ಳುವ ಈ ಕೊನೆಯ ಎರಡು ಬಗೆಯ ಜಾಗಗಳಲ್ಲಿ, ಎಂದರೆ ಕಾರವಾರ ಮತ್ತು ಗೋಕರ್ಣದ ಸುತ್ತಲಿನ ಕಡಲತೀರದ ದೊಡ್ಡ ರೆಸಾರ್ಟುಗಳಲ್ಲಿ, ವರ್ಮುತ್ ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಉಳಿದುಕೊಳ್ಳದವರನ್ನೂ ಬಾರಿಗೆ ಬಿಡುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಗೋಕರ್ಣದ ಕುಡ್ಲೆ, ಓಂ ತೀರಗಳ ಕೆಫೆಗಳಲ್ಲಿ ಕಾಕ್‌ಟೇಲಿನ ಪಟ್ಟಿ ಉದ್ದವಾಗಿರುತ್ತದೆ. ಗೋಡೆಯ ಮೇಲೆ ಪರವಾನಗಿ ತೂಗುಹಾಕಿದೆಯೇ ಎಂದು ನೋಡಿಯೇ ಕೂಡಿ.

ಶಿರಸಿಯಲ್ಲಿ ಮಾರ್ಟಿನಿಯನ್ನು ಹುಡುಕುವ ಶ್ರಮ ಬೇಡ. ಆ ಊರು ಕೊಡುವುದು ಬೇರೆಯದನ್ನು, ಅದಕ್ಕೆ ಮುಂದೆ ಬರುತ್ತೇನೆ.

ಗಡಿಯಾಚೆಯ ಆಸೆ ಎಲ್ಲರಿಗೂ ಇರುತ್ತದೆ. ಕಾರವಾರದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಳೆದರೆ ಗೋವೆಯ ಪೋಳೆ. ಅಲ್ಲಿಂದ ಮುಂದೆ ಕಾಣಕೋಣ, ಪಾಳೊಳೆ. ಸಣ್ಣ ಪ್ರಮಾಣದ ಭಾರತೀಯ ಜಿನ್ ತಯಾರಿಕೆಗೆ ಕಳೆದ ಹತ್ತು ವರ್ಷಗಳಲ್ಲಿ ಗೋವೆಯೇ ತವರಾಗಿದೆ. 2017ರಲ್ಲಿ ಬಂದ ಗ್ರೇಟರ್ ದ್ಯಾನ್, ಹಿಮಾಲಯದ ಜೂನಿಪರ್ (ಜಿನ್ನಿಗೆ ಅದರ ಕಂಪು ಕೊಡುವ ಕಾಯಿ) ಬಳಸುವ ಹಪುಸಾ, ಸ್ಟ್ರೇಂಜರ್ ಆಂಡ್ ಸನ್ಸ್ ಇವೆಲ್ಲ ಅಲ್ಲಿ ಬಟ್ಟಿಯಿಳಿದವು. ಅಲ್ಲಿಗೆ ಹೋಗಿ ಕುಡಿದು, ಅಲ್ಲೇ ಉಳಿದು ಬರುವುದಾದರೆ ನನ್ನ ತಕರಾರಿಲ್ಲ. ಬಾಟಲಿಯನ್ನು ಕಾರಿನಲ್ಲಿಟ್ಟು ಈ ಕಡೆ ತರುವ ವಿಚಾರವನ್ನು ಮಾತ್ರ ಬಿಟ್ಟುಬಿಡಿ. ಗೋವೆಯಲ್ಲಷ್ಟೇ ಮಾರಾಟಕ್ಕೆ ಎಂದು ಅಚ್ಚಾಗಿರುವ ಮದ್ಯವನ್ನು ಅನುಮತಿಪತ್ರವಿಲ್ಲದೆ ತರುವುದು ಅಪರಾಧ, ಮತ್ತು ಮಾಜಾಳಿಯ ತನಿಖಾ ಠಾಣೆಯವರಿಗೆ ಡಿಕ್ಕಿಯ ಸ್ಟೆಪ್ನಿಯ ಕೆಳಗೂ ನೋಡುವ ಅಭ್ಯಾಸವಿದೆ.

ಮೂರನೆಯ ಹಂತ: ಹೋಗುವ ಮುನ್ನ ಒಂದು ಕರೆ

ಮಧ್ಯಾಹ್ನ ನಾಲ್ಕರ ಸುಮಾರಿಗೆ ಕರೆ ಮಾಡಿ. ಆ ಹೊತ್ತಿಗೆ ಊಟದ ಗದ್ದಲ ಮುಗಿದಿರುತ್ತದೆ, ಸಂಜೆಯದು ಶುರುವಾಗಿರುವುದಿಲ್ಲ, ಫೋನೆತ್ತಿದವನು ಬಾರಿನ ಹುಡುಗನಿಗೇ ಕೊಡುವ ಸಂಭವವಿರುತ್ತದೆ. ಮಾರ್ಟಿನಿ ಮಾಡುತ್ತೀರಾ ಎಂದು ಕೇಳಬೇಡಿ, ಏಕೆಂದರೆ ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಡ್ರೈ ವರ್ಮುತ್ ಬಾಟಲಿ ಇದೆಯೇ, ಅದು ಫ್ರಿಜ್ಜಿನಲ್ಲಿದೆಯೋ ಕಪಾಟಿನಲ್ಲಿದೆಯೋ ಎಂದು ಕೇಳಿ.

ಈ ಎರಡನೆಯ ಪ್ರಶ್ನೆ ಏಕೆ ಮುಖ್ಯವೆಂದರೆ, ವರ್ಮುತ್ ವಿಸ್ಕಿಯಂಥ ಮದ್ಯವಲ್ಲ. ಗಿಡಮೂಲಿಕೆಗಳನ್ನು ನೆನೆಸಿ, ಸ್ವಲ್ಪ ಮದ್ಯಸಾರ ಸೇರಿಸಿ ಬಲಪಡಿಸಿದ ಬಿಳಿ ವೈನ್ ಅದು. ಮಾಚಿಪತ್ರೆಯ ಜಾತಿಗೆ ಸೇರಿದ ಕಹಿ ಗಿಡವೊಂದರ ಜರ್ಮನ್ ಹೆಸರಿನಿಂದಲೇ ಅದಕ್ಕೆ ಆ ಹೆಸರು ಬಂತು. ಬಿರಡೆ ತೆಗೆದ ಮೇಲೆ ಗಾಳಿ ತಾಕಿ ಅದು ಕೆಡಲು ತೊಡಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ತಿಂಗಳು ಬಾಳುತ್ತದೆ, ಕರಾವಳಿಯ ಹವೆಯಲ್ಲಿ ಕಪಾಟಿನಲ್ಲಿ ನಿಂತರೆ ಕೆಲವೇ ವಾರಗಳಲ್ಲಿ ಬೇಯಿಸಿದ ಸೇಬಿನಂಥ, ಹುಳಿತ ವಾಸನೆ ಹಿಡಿಯುತ್ತದೆ. ನಮ್ಮ ಬಾರುಗಳಲ್ಲಿ ವರ್ಮುತ್ ಇದ್ದಲ್ಲೂ ಅದು ಅಲಂಕಾರಕ್ಕೆ, ಬಣ್ಣದ ಬಲ್ಬಿನ ಕೆಳಗೆ, ಯಾವ ವರ್ಷ ತೆರೆದದ್ದೆಂದು ಯಾರಿಗೂ ನೆನಪಿಲ್ಲದ ಸ್ಥಿತಿಯಲ್ಲಿ ಇರುತ್ತದೆ. ಕೆಟ್ಟ ವರ್ಮುತ್ ಹಾಕಿಸಿಕೊಳ್ಳುವುದಕ್ಕಿಂತ ಅದಿಲ್ಲದೆ, ಚೆನ್ನಾಗಿ ತಣಿಸಿದ ಜಿನ್ನಿಗೆ ನಿಂಬೆಸಿಪ್ಪೆಯ ಎಣ್ಣೆ ಹಿಂಡಿಸಿಕೊಂಡು ಕುಡಿಯುವುದು ಲೇಸು. ಅದನ್ನು ಮಾರ್ಟಿನಿ ಎನ್ನಲಾಗದು, ಆದರೂ ಅದು ಪ್ರಾಮಾಣಿಕವಾದ ಪಾನೀಯ.

ಮೂರನೆಯದಾಗಿ ಐಸ್ ಎಲ್ಲಿಯದೆಂದು ಕೇಳಿ. ಬಂದರುಗಳಿರುವ ಊರುಗಳಲ್ಲಿ ಐಸ್ ಕಾರ್ಖಾನೆಗಳ ದೊಡ್ಡ ದಿಮ್ಮಿಗಳು ಹೋಗುವುದು ಮೀನಿನ ಪೆಟ್ಟಿಗೆಗಳಿಗೆ. ಕುಡಿಯುವ ನೀರಿನಿಂದ ತಮ್ಮ ಯಂತ್ರದಲ್ಲೇ ಮಾಡಿದ ಗಟ್ಟಿ ಐಸ್ ಎಂಬ ಉತ್ತರ ಬಂದರೆ ಮಾತ್ರ ಮುಂದುವರಿಯಿರಿ. ಮಳೆಗಾಲದಲ್ಲಿ ಇದರ ಜೊತೆಗೆ ಕರೆಂಟ್ ಹೋಗಿತ್ತೇ ಎಂದೂ ಕೇಳಬೇಕಾಗುತ್ತದೆ, ಕೇಳುವಾಗ ನಗು ಬಂದರೂ ಸರಿಯೇ.

ಅಕ್ಟೋಬರ್ 2ರಂದು ಮತ್ತು ಚುನಾವಣೆಯ ಮತದಾನ ಮುಗಿಯುವ ಹಿಂದಿನ 48 ಗಂಟೆ ಮದ್ಯ ಸಿಗುವುದಿಲ್ಲವೆಂಬುದನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ.

ನಾಲ್ಕನೆಯ ಹಂತ: ಕೌಂಟರಿನ ಎದುರು

ಸಂಜೆ ಆರೂವರೆಗೆ ತಲುಪಿರಿ. ಮೇಜಿಗೆ ಹೋಗಬೇಡಿ, ಬಾರ್ ಕೌಂಟರಿನ ಎದುರೇ ನಿಲ್ಲಿ ಅಥವಾ ಕೂಡಿ. ಪರಿಚಾರಕನ ಕಿವಿಯಿಂದ ಬಾರಿನವನ ಕಿವಿಗೆ ಹೋಗುವಷ್ಟರಲ್ಲಿ ಮಾರ್ಟಿನಿ ಮೊಹಿತೊ ಆಗಿಬಿಡುತ್ತದೆ.

ಮೊದಲು ಖಾಲಿ ಲೋಟವನ್ನು ಫ್ರೀಜರಿನಲ್ಲಿಡಲು ಹೇಳಿ. ಜಾಗವಿಲ್ಲವೆಂದರೆ ಲೋಟದ ತುಂಬ ಐಸ್ ಮತ್ತು ನೀರು ಹಾಕಿಸಿ ಬದಿಗಿಡಿಸಿ. ಲೋಟ ಚಿಕ್ಕದಿರಲಿ: ಪಾನೀಯ ಒಟ್ಟು 90 ಮಿ.ಲೀ.ಗೆ ಸಮೀಪವಿರುವುದರಿಂದ 120ರಿಂದ 150 ಮಿ.ಲೀ. ಹಿಡಿಯುವ ಲೋಟ ಸಾಕು. ಕಾಲು ಲೀಟರಿನ ದೊಡ್ಡ ತ್ರಿಕೋನದ ಲೋಟದಲ್ಲಿ ಕೊಟ್ಟರೆ ಅದು ತಳದಲ್ಲಿ ಕೆರೆಯ ಬೇಸಗೆ ನೀರಿನಂತೆ ಕಾಣುತ್ತದೆ, ಬೇಗ ಬೆಚ್ಚಗಾಗುತ್ತದೆ.

ಜಿನ್ ಯಾವುದಿದೆಯೆಂದು ಕೇಳಿ, ಬಾಟಲಿಯನ್ನು ನೋಡಿ. ಜೂನಿಪರಿನ ಕಂಪು ಮುಂದಿರುವ ಲಂಡನ್ ಡ್ರೈ ಬಗೆಯದಿದ್ದರೆ ಅದನ್ನೇ ಆರಿಸಿ. ಗುಲಾಬಿ ಬಣ್ಣದ್ದು, ಹಣ್ಣಿನ ರುಚಿಯದ್ದು ಬೇಡ. ಹಳೆಯ ಬ್ಲೂ ರಿಬ್ಯಾಂಡ್ ಮಾತ್ರ ಇದೆಯೆಂದರೆ ನಾನು ಮಾರ್ಟಿನಿಯನ್ನು ಕೈಬಿಟ್ಟು ನಿಂಬೆ ಸೋಡಾ ಹಾಕಿಸಿಕೊಳ್ಳುತ್ತೇನೆ, ಏಕೆಂದರೆ ಮಾರ್ಟಿನಿಯಲ್ಲಿ ಜಿನ್ನಿಗೆ ಮರೆಯಾಗಲು ಜಾಗವೇ ಇಲ್ಲ.

ಅನಂತರ ಅಳತೆಯನ್ನು ನಿಧಾನವಾಗಿ ಹೇಳಿ. "ಉದ್ದನೆಯ ಲೋಟದ ತುಂಬ ಗಟ್ಟಿ ಐಸ್ ಹಾಕಿ, ಒಂದು ಲಾರ್ಜ್ ಜಿನ್, 10 ಮಿ.ಲೀ. ವರ್ಮುತ್, ಅರ್ಧ ನಿಮಿಷ ಉದ್ದ ಚಮಚದಲ್ಲಿ ಕಲಕಿ, ಐಸ್ ಬೀಳದಂತೆ ಸೋಸಿ ಆ ತಣ್ಣನೆಯ ಲೋಟಕ್ಕೆ ಹಾಕಿ." ಇಷ್ಟು ಹೇಳುವಾಗ ದನಿಯಲ್ಲಿ ಮೇಷ್ಟ್ರುತನ ಬರಬಾರದು. ಕಾರವಾರದ ಬಾರುಗಳಲ್ಲಿ ಕೆಲಸ ಮಾಡುವ ಹುಡುಗರಲ್ಲಿ ಗೋವೆಯಲ್ಲಿ ಒಂದೆರಡು ಹಂಗಾಮು ದುಡಿದು ಬಂದವರು ಸಿಗುತ್ತಾರೆ. ಅವರಿಗೆ ಕೆಲಸ ಗೊತ್ತಿರುತ್ತದೆ, ಕೇಳುವ ಗಿರಾಕಿ ಮಾತ್ರ ಇರುವುದಿಲ್ಲ. "ನೀವು ಹೇಗೆ ಮಾಡುತ್ತೀರಿ" ಎಂದು ಮೊದಲು ಕೇಳಿದರೆ ಅರ್ಧ ಕೆಲಸ ಆದಂತೆ. ಕೌಂಟರಿನಲ್ಲಿ ಉದ್ದ ಚಮಚ ಇಲ್ಲದಿದ್ದರೆ ಸ್ಟೀಲಿನ ಫೋರ್ಕಿನ ಹಿಡಿಯೂ ನಡೆಯುತ್ತದೆ, ಸೋಸುವುದಕ್ಕೆ ಚಹಾದ ಜಾಲರಿ ಧಾರಾಳವಾಗಿ ಸಾಕು.

ಆಲಿವ್, ಅಪ್ಪೆಮಿಡಿ, ಕುಮಟೆಯ ಈರುಳ್ಳಿ

ಮಾರ್ಟಿನಿಗೆ ಕೊನೆಯಲ್ಲಿ ನಿಂಬೆಸಿಪ್ಪೆಯನ್ನೋ ಆಲಿವನ್ನೋ ಸೇರಿಸುವುದು ರೂಢಿ. ಆಲಿವಿನಲ್ಲಿ ತೊಂದರೆಯಿದೆ. ಪಿಜ್ಜಾಕ್ಕೆಂದು ತಂದ, ಗುಂಡಗೆ ಹೆಚ್ಚಿದ ಕಪ್ಪು ಆಲಿವೇ ಇಲ್ಲಿನ ಅಡುಗೆಮನೆಗಳಲ್ಲಿ ಸಿಗುವುದು. ಅದನ್ನು ಹಾಕಿದರೆ ತಿಳಿಯಾದ ಪಾನೀಯದಲ್ಲಿ ಮಸಿ ತೇಲಿದಂತಾಗುತ್ತದೆ.

ಸಿಪ್ಪೆಯ ವಿಚಾರದಲ್ಲಿ ನಮ್ಮ ತೆಳುಸಿಪ್ಪೆಯ ನಿಂಬೆಹಣ್ಣು ಪೂರ್ತಿ ಒಗ್ಗುವುದಿಲ್ಲ. ಬೇಕಾದದ್ದು ರಸವಲ್ಲ, ಸಿಪ್ಪೆಯೊಳಗಿನ ಎಣ್ಣೆ. ಶಿರಸಿ ಕಡೆಯ ಹಿತ್ತಲುಗಳಲ್ಲಿ ಬೆಳೆಯುವ ದಪ್ಪ ಸಿಪ್ಪೆಯ ಗಜನಿಂಬೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಹಣ್ಣನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಬಿಳಿಯ ತಿರುಳು ಬಾರದಂತೆ ಹೆಬ್ಬೆರಳಗಲದ ಸಿಪ್ಪೆ ಹೆರೆಸಿ, ಲೋಟದ ಮೇಲೆ ಹಿಡಿದು ತಿರುಚಿದರೆ ಎಣ್ಣೆಯ ಸಣ್ಣ ಹನಿಗಳು ಮೇಲ್ಮೈಯಲ್ಲಿ ಹರಡುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಬಾರಿಗೆ ಹಣ್ಣು ಒಯ್ಯುವುದು ವಿಚಿತ್ರವೆನಿಸಬಹುದು. ನನ್ನನ್ನು ಒಂದು ಕಡೆ "ಗಜನಿಂಬೆ ಸಾಹೇಬರು" ಎಂದೇ ಕರೆಯುತ್ತಾರೆ.

ಇದಕ್ಕೂ ಸೊಗಸಾದದ್ದು ಅಪ್ಪೆಮಿಡಿ. ಮಲೆನಾಡಿನ ಹೊಳೆದಂಡೆಯ ಕಾಡುಮಾವಿನ ಎಳೆಗಾಯಿಯನ್ನು ತೊಟ್ಟು ಮುರಿಯದಂತೆ ಕೊಯ್ದು, ಉಪ್ಪಿನಲ್ಲಿ ಹಾಕಿ, ಅದು ಬಿಟ್ಟ ನೀರಿನಲ್ಲೇ ಚಿರುಟುವವರೆಗೆ ಇಡುವ ಕ್ರಮ ಶಿರಸಿ, ಸಿದ್ದಾಪುರದ ಪ್ರತಿ ಮನೆಯವರಿಗೂ ಗೊತ್ತು. ಮಸಾಲೆ ಬೆರೆಸುವ ಮೊದಲಿನ ಈ ಉಪ್ಪುಮಿಡಿಯಲ್ಲಿ ಆಲಿವಿನಲ್ಲಿರುವ ಉಪ್ಪೂ ಇದೆ, ಆಲಿವಿನಲ್ಲಿಲ್ಲದ ಸೊನೆಯ ಪರಿಮಳವೂ ಇದೆ. ಮಾವಿನ ಸೊನೆಯ ಆ ಘಾಟು ಜೂನಿಪರಿನ ರಾಳದ ಕಂಪಿಗೆ ಹತ್ತಿರದ ನೆಂಟನಂತೆ ಹೊಂದಿಕೊಳ್ಳುತ್ತದೆ. ಒಂದು ಮಿಡಿಯನ್ನು ತೊಳೆದು ಲೋಟಕ್ಕೆ ಬಿಟ್ಟು, ಅರ್ಧ ಟೀ ಚಮಚ ಉಪ್ಪುನೀರನ್ನು ಕಲಕುವಾಗಲೇ ಸೇರಿಸಿದರೆ, ಡರ್ಟಿ ಮಾರ್ಟಿನಿಯ ನಮ್ಮ ರೂಪ ಸಿದ್ಧ. ಅರ್ಧ ಚಮಚಕ್ಕಿಂತ ಹೆಚ್ಚು ಬೇಡ. ಅಪ್ಪೆಯ ಹುಳಿ ಆಲಿವಿನ ಹಾಗೆ ಸೌಮ್ಯವಲ್ಲ. ಖಾರ ಹಾಕಿದ ಉಪ್ಪಿನಕಾಯಿಯನ್ನು ತಂದು ಹಾಕಿದವರನ್ನೂ ನೋಡಿದ್ದೇನೆ, ಆ ವಿಷಯ ಬೇಡ.

ಬೇಸಗೆಯಲ್ಲಿ ಕುಮಟಾ ದಾಟುವಾಗ ಹೆದ್ದಾರಿಯ ಬದಿಯಲ್ಲಿ ಈರುಳ್ಳಿಯ ಹಾರಗಳು ತೂಗಾಡುತ್ತಿರುತ್ತವೆ. ಅಳ್ವೆಕೋಡಿ, ಹಂದಿಗೋಣ ಕಡೆಯ ಆ ಸಿಹಿ ಈರುಳ್ಳಿಯಲ್ಲಿ ಗೋಲಿ ಗಾತ್ರದವನ್ನು ಆರಿಸಿ, ಬಿಳಿ ವಿನೆಗರ್, ಉಪ್ಪು, ಚೂರು ಸಕ್ಕರೆಯಲ್ಲಿ ಒಂದು ವಾರ ಫ್ರಿಜ್ಜಿನಲ್ಲಿಟ್ಟರೆ ಗಿಬ್ಸನ್ನಿಗೆ ಪೇಟೆಯ ಡಬ್ಬಿಯ ಈರುಳ್ಳಿಗಿಂತ ಒಳ್ಳೆಯದು ಮನೆಯಲ್ಲೇ ಇರುತ್ತದೆ.

ಐದನೆಯ ಹಂತ: ಕುಡಿಯುವಾಗ ಏನು ತಿನ್ನಬೇಕು

ಮಾರ್ಟಿನಿ ಬಂದ ಮೇಲೆ ಹದಿನೈದು ನಿಮಿಷದಲ್ಲಿ ಮುಗಿಸಿ. ಬೆಚ್ಚಗಾದ ಮೇಲೆ ಅದಕ್ಕೆ ಬೆಲೆಯಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ. ಜೊತೆಗೆ ಉಪ್ಪು, ಎಣ್ಣೆ ಇರುವ ಸಣ್ಣದೊಂದು ಬೇಕು: ರವೆ ಹಚ್ಚಿ ಕರಿದ ನೊಗ್ಲಿ ಮೀನು, ಇಲ್ಲವೇ ಹುರಿದ ಗೇರುಬೀಜಕ್ಕೆ ಕಾಳುಮೆಣಸು. ಕೆಂಪು ಮಸಾಲೆಯನ್ನು ಈ ಹೊತ್ತಿಗೆ ಹತ್ತಿರ ಸೇರಿಸಬೇಡಿ, ಏಕೆಂದರೆ ಮೆಣಸಿನ ಉರಿಯನ್ನು ಮದ್ಯ ಇನ್ನಷ್ಟು ಕೆರಳಿಸುತ್ತದೆ; ಜಿನ್ನಿನ ಕಂಪೂ ಸಿಗದು, ಮೀನಿನ ರುಚಿಯೂ ಸಿಗದು. ತೆಂಗಿನಕಾಯಿಯ ಗಸಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದೇ ಮೇಜಿನಲ್ಲಿ ಎರಡನ್ನೂ ಇಟ್ಟುಕೊಂಡರೆ ಎರಡೂ ಹಾಳಾಗುವುದು ಇದರಿಂದಲೇ, ಮತ್ತು ನಾನು ಎರಡು ಮನೆಗಳ ಸಂಜೆಯನ್ನು ಶಿಫಾರಸು ಮಾಡುವುದೂ ಇದರಿಂದಲೇ.

ಒಂದು ಮುಗಿದ ಮೇಲೆ ಇನ್ನೊಂದು ಹೇಳಬೇಡಿ. ನಮ್ಮಲ್ಲಿ ಜಿನ್ನಿನ ಪ್ರಬಲತೆ ಸಾಮಾನ್ಯವಾಗಿ ಶೇ. 42.8, ಆ ಒಂದು ಲೋಟದಲ್ಲಿ 27 ಮಿ.ಲೀ.ಯಷ್ಟು ಶುದ್ಧ ಆಲ್ಕೋಹಾಲ್ ಇರುತ್ತದೆ. ಎರಡನೆಯದರ ಬಳಿಕ ಊಟದ ರುಚಿ ಹೇಳುವ ನಾಲಿಗೆ ಉಳಿದಿರುವುದಿಲ್ಲ.

ಆರನೆಯ ಹಂತ: ಊಟದ ಮನೆ

ಕಾರವಾರದಲ್ಲಾದರೆ ಟಾಗೋರ್ ಕಡಲತೀರದ ಗಾಳಿಯಲ್ಲಿ ನಡೆದು ಊರೊಳಗೆ ಬನ್ನಿ. ಮೀನೂಟದ ಮನೆಗಳ ಭರಾಟೆಯೆಲ್ಲ ಮಧ್ಯಾಹ್ನದ್ದು. ಹಲವರು ಮೂರೂವರೆಗೆ ಬಾಗಿಲೆಳೆದು ಸಂಜೆ ಏಳೂವರೆಯ ಹೊತ್ತಿಗೆ ಮತ್ತೆ ತೆರೆಯುತ್ತಾರೆ, ಕೆಲವರು ರಾತ್ರಿ ತೆರೆಯುವುದೇ ಇಲ್ಲ. ರಾತ್ರಿಯ ಊಟದಲ್ಲಿ ಮಧ್ಯಾಹ್ನದ ಸಾರನ್ನೇ ಬಿಸಿ ಮಾಡಿ ಹಾಕುವ ಅಪಾಯವಿದೆ. ಬಂಗಡೆಯ ಹುಮಣವಾದರೆ, ಎಂದರೆ ಕಾಯಿ ಅರೆದ ಮೀನುಸಾರಾದರೆ, ಅದರಿಂದ ನಷ್ಟವಿಲ್ಲ. ತೆಪ್ಪಲವೆಂಬ ಘಾಟಿನ ಮಸಾಲೆಕಾಯಿ ಹಾಕಿದ ಬಂಗಡೆ ಆರಿ ಕುಳಿತಷ್ಟೂ ರುಚಿ ಹೆಚ್ಚು. ಶೆಟ್ಲಿ (ಸಿಗಡಿ) ಮತ್ತು ಬಳಚು (ಚಿಪ್ಪುಮೀನು) ಮಾತ್ರ ಹೊತ್ತು ಮೀರಿದರೆ ರಬ್ಬರಾಗುತ್ತವೆ, ಅವನ್ನು ಆಗಷ್ಟೇ ಮಾಡಿಕೊಡುವುದಾದರೆ ಹೇಳಿ.

ಆದ್ದರಿಂದ ಪಟ್ಟಿ ಕೇಳುವ ಬದಲು "ಇವತ್ತು ಸಂಜೆ ಏನು ಬಂದಿದೆ" ಎಂದು ಕೇಳಿ. ಸಾಧ್ಯವಾದರೆ ಇಡೀ ಮೀನನ್ನು ತೋರಿಸಲು ಹೇಳಿ: ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ದೊಡ್ಡ ಇಸ್ವಾಣ, ಪಾಪ್ಲೆಟ್ ಇದೆಯೆಂದರೆ ಅದು ಫ್ರೀಜರಿನದ್ದೆಂದೇ ತಿಳಿಯಿರಿ. ಆಗ ನಾಡದೋಣಿಯ ಮೀನು, ಹೊಳೆಮೀನು, ಒಣಮೀನಿನ ಚಟ್ನಿಯ ಕಡೆ ತಿರುಗುವುದು ಜಾಣತನ. ಸೋಮವಾರಗಳಲ್ಲಿ, ಶ್ರಾವಣದಲ್ಲಿ ಮೀನು ತಿನ್ನದ ಮನೆಗಳು ಬಹಳವಿರುವುದರಿಂದ ಅಂಥ ದಿನ ಮೀನಿನ ಮನೆಗಳು ಅರೆಮನಸ್ಸಿನಲ್ಲಿ ನಡೆಯುತ್ತವೆ.

ಕುಮಟಾ, ಗೋಕರ್ಣದ ಕಡೆ ಇದ್ದರೆ ಅಘನಾಶಿನಿಯ ಬಳಚನ್ನು ಬಿಡಬೇಡಿ. ಆ ಅಳಿವೆಯ ಕೆಸರಿನಲ್ಲಿ ಇಳಿತದ ಹೊತ್ತು ಸೊಂಟದವರೆಗೆ ಇಳಿದು ಆಯ್ದ ಬಳಚನ್ನು ಕಾಯಿತುರಿಯೊಂದಿಗೆ ಸುಕ್ಕೆ ಮಾಡಿದರೆ ಅದರ ರಸದಲ್ಲೇ ಅನ್ನ ಕಲಸಬಹುದು. ಅದರ ಪಕ್ಕದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತದ ಕೆಂಪಕ್ಕಿ ಯಾರಾದರೂ ಬಡಿಸಿದರೆ ಅದು ಭಾಗ್ಯ. ಹೋಟೆಲುಗಳಲ್ಲಿ ಅದು ಅಪರೂಪ. ಕಲ್ಲಿಗಂಟಿದ ಕಲ್ವವನ್ನು (ಆಯ್ಸ್ಟರ್) ನಿಂಬೆ ಹಿಂಡಿ ಹಸಿಯಾಗಿ ತಿನ್ನುವ ಪರದೇಶದ ಹವ್ಯಾಸವನ್ನು ಇಲ್ಲಿ ಪ್ರಯೋಗಿಸಬೇಡಿ, ಹುರಿಸಿಕೊಂಡೇ ತಿನ್ನಿ.

ಕುಡಿಯಲು ಈ ಹೊತ್ತಿಗೆ ಸೋಲ ಕಢಿ. ಮುರುಗಲಿನ ಹುಳಿ, ತೆಂಗಿನ ಹಾಲು, ಬೆಳ್ಳುಳ್ಳಿಯ ಒಂದು ಎಸಳು. ಜಿನ್ನಿನ ನಂತರ ಹೊಟ್ಟೆಗೆ ಇದಕ್ಕಿಂತ ಹಿತವಾದದ್ದಿಲ್ಲ. ಶಿರಸಿಗೆ ಬರುತ್ತೇನೆಂದೆನಲ್ಲ: ಮೀನು ತಿನ್ನದವರು ಮರುದಿನ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಸುಮಾರು 60 ಕಿ.ಮೀ. ದೂರದ ಶಿರಸಿಗೆ ಹೋಗಿ ಹವ್ಯಕರ ಊಟ ಮಾಡಬೇಕು. ಅಲ್ಲಿ ಕೊನೆಯಲ್ಲಿ ಲೋಟಕ್ಕೆ ಹಾಕಿಸಿಕೊಂಡು ಕುಡಿಯುವ ಅಪ್ಪೆಹುಳಿ ತೆಳುವಾಗಿ, ಉಪ್ಪುಪ್ಪಾಗಿ, ತಣ್ಣಗೆ, ಮಾವಿನ ಸೊನೆಯ ಘಾಟಿನೊಂದಿಗೆ ಬರುತ್ತದೆ. ಮದ್ಯದ ಹನಿಯೂ ಇಲ್ಲದ ಮಾರ್ಟಿನಿ ಎಂದು ನಾನು ಅದನ್ನು ಕರೆಯುವುದುಂಟು. ನಿದ್ದೆ ಮಾತ್ರ ಮಾರ್ಟಿನಿಗಿಂತ ಬೇಗ ಬರುತ್ತದೆ.

ಮರಳುವ ದಾರಿ

ರಕ್ತದ 100 ಮಿ.ಲೀ.ಯಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ದಾಟಿದರೆ ವಾಹನ ಚಾಲನೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಮೇಲೆ ಹೇಳಿದ ಒಂದೇ ಲೋಟ ಆ ಮಿತಿಯನ್ನು ದಾಟಿಸಬಲ್ಲದು. ಕಾರವಾರದ ರೈಲು ನಿಲ್ದಾಣ ಊರಿನಿಂದ ಹೊರಗೆ ಶಿರವಾಡದಲ್ಲಿದೆ, ಗೋಕರ್ಣ ರೋಡ್ ನಿಲ್ದಾಣವೂ ಊರಿಗೆ ದೂರ, ಮತ್ತು ರಾತ್ರಿ ಹತ್ತರ ನಂತರ ರಿಕ್ಷಾ ಸಿಗುವುದು ಅದೃಷ್ಟಕ್ಕೆ ಬಿಟ್ಟದ್ದು. ಆದ್ದರಿಂದ ಸಂಜೆ ಬರುವಾಗಲೇ ರಿಕ್ಷಾದವನ ನಂಬರು ಪಡೆದು, ಊಟ ಮುಗಿಯುವ ಹೊತ್ತನ್ನು ಅವನಿಗೆ ಹೇಳಿಟ್ಟಿರಿ. ಅವನನ್ನು ಕಾಯಿಸುವಂತಾದರೆ ಅವನಿಗೂ ಒಂದು ಪ್ಲೇಟ್ ಬಂಗಡೆ ಹೇಳಿ, ಬಿಲ್ಲು ನಿಮ್ಮ ಲೆಕ್ಕಕ್ಕೆ.